ಕೇಳಿದರೆ ಎಲ್ಲ ಗೊತ್ತು, ಓದು ಅಂದರೆ ಕಣ್ಣೀರು

ಜೂನ್‌ನಲ್ಲಿ ಶಾಲೆ ಶುರುವಾಗಿ ಮೊದಲ ಟೆಸ್ಟ್ ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಪ್ರತಿ ವರ್ಷ ಒಂದೇ ನಮೂನೆಯ ಪತ್ರಗಳು ಬರುತ್ತವೆ. ಮಗುವಿಗೆ ಓದಲು ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ, ಏನು ಮಾಡುವುದು ಅಂತ. ಈ ಸಲ ಐದು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದ ನಾಲ್ವರೂ ಅದನ್ನು ಓದಬೇಕು, ಅವರ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಟೀಚರೇ, ನಮ್ಮದು ಕಾಪು ಹತ್ತಿರ. ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮೀಡಿಯಂನಲ್ಲಿ ನಾಲ್ಕನೇ ಕ್ಲಾಸು. ಮನೆಯಲ್ಲಿ ತುಳು. ರಾತ್ರಿ ಯಕ್ಷಗಾನದ ಆಟ ನೋಡಿ ಬಂದರೆ ಮರುದಿನ ಮಹಿಷಾಸುರನ ಪ್ರವೇಶದಿಂದ ಹಿಡಿದು ಹಾಸ್ಯಗಾರನ ಮಾತಿನವರೆಗೆ ಎಲ್ಲ ಹೇಳುತ್ತಾನೆ. ಆದರೆ ಪುಸ್ತಕ ತೆಗೆದರೆ ಎರಡು ಸಾಲು ಓದಲು ಹತ್ತು ನಿಮಿಷ. ಡೈರಿಯಲ್ಲಿ ವಾರಕ್ಕೆ ಮೂರು ಸಲ 'ಕೇರ್‌ಲೆಸ್' ಅಂತ ಬರೆದು ಕಳಿಸುತ್ತಾರೆ. ದಿನಾ ರಾತ್ರಿ ಏಳರಿಂದ ಒಂಬತ್ತೂವರೆವರೆಗೆ ಕೂರಿಸುತ್ತೇನೆ. ಕೊನೆಗೆ ಇಬ್ಬರೂ ಅಳುವುದು. ಒಂದೆರಡು ಸಲ ಸ್ಕೇಲ್‌ನಲ್ಲಿ ಹೊಡೆದಿದ್ದೇನೆ. ಹೋದ ತಿಂಗಳು ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ ಅಂದರು. ಅತ್ತೆ 'ಇವನ ಅಪ್ಪನೂ ಹೀಗೆಯೇ ಇದ್ದ, ಎಂಥ ಆಗಿದೆ ಈಗ' ಅಂತಾರೆ. ಕನ್ನಡ ಮೀಡಿಯಂಗೆ ಹಾಕಲಾ? ಮನೆಯಲ್ಲಿ ತುಳು ಬಿಟ್ಟು ಇಂಗ್ಲಿಷ್ ಮಾತಾಡಿ ಅಂತ ಒಬ್ಬರು ಹೇಳಿದರು, ಹಾಗೆ ಮಾಡಲಾ?

ಉತ್ತರ: ಮೊದಲು ಆ ಸ್ಕೇಲಿನ ವಿಷಯ. ನೀವು ಬರೆದು ಒಪ್ಪಿಕೊಂಡಿದ್ದೀರಿ. ನನ್ನದೂ ಒಂದಿದೆ. ಕೆಲಸಕ್ಕೆ ಸೇರಿದ ಹೊಸತು, ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಯಾವ ತೋಡಿನಲ್ಲಿ ಯಾವಾಗ ಮೀನು ಹತ್ತುತ್ತದೆ, ಯಾರ ಮನೆಯ ಕೋಣ ಯಾವ ಕಂಬಳದಲ್ಲಿ ಗೆದ್ದಿತು, ಎಲ್ಲ ಅವನ ಬಾಯಲ್ಲಿ. 'ಸಮುದ್ರ' ಅಂತ ಸರಿಯಾಗಿ ಬರೆಯಲಿಲ್ಲ ಅಂತ ನಾನು ಅವನಿಗೆ ಇಪ್ಪತ್ತು ಸಲ ಇಂಪೊಸಿಷನ್ ಕೊಟ್ಟೆ. ಮರುದಿನ ಬರೆದುಕೊಂಡು ಬಂದ. ಇಪ್ಪತ್ತು ಸಾಲಿನಲ್ಲಿ ಆರು ಬೇರೆ ಬೇರೆ ಸಮುದ್ರ ಇತ್ತು, ಎರಡು ಸರಿ ಕೂಡ ಇತ್ತು. 'ಎರಡು ಸರಿ ಬರೆದವನಿಗೆ ಇಪ್ಪತ್ತೂ ಸರಿ ಬರೆಯಲು ಏನು ರೋಗ' ಅಂತ ಮತ್ತೆ ಬೈದೆ. ಈಗ ಯೋಚಿಸಿದರೆ ಆ ಪುಟವೇ ಒಂದು ವರದಿ ಇದ್ದ ಹಾಗೆ. ಒಮ್ಮೆ ಸರಿ, ಒಮ್ಮೆ ತಪ್ಪು, ತಪ್ಪಾದರೂ ಪ್ರತಿ ಸಲ ಬೇರೆ ತಪ್ಪು. ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ನಿಮ್ಮ ಮಗನ ನೋಟ್ ಪುಸ್ತಕ ತೆಗೆದು ನೋಡಿ, ಅಲ್ಲೂ ಸಿಗಬಹುದು. ನೋಡುವವರ ಕಣ್ಣಿಗೆ ಇದು ಕೇರ್‌ಲೆಸ್ ಅಂತ ಕಾಣುವುದು ಸಹಜ. ಆದರೆ ಆ ಎರಡೂವರೆ ಗಂಟೆಯಲ್ಲಿ ಅವನು ಪಡುವ ಪಾಡು ನೋಡಿದ ನೀವು ಆ ಮಾತನ್ನು ನಂಬಬಾರದು.

ಇದು ಕಣ್ಣಿನ ದೋಷ ಅಲ್ಲ, ಬುದ್ಧಿ ಕಡಿಮೆ ಇರುವುದೂ ಅಲ್ಲ. ಮಾತಿನ ಸದ್ದನ್ನು ತುಂಡು ತುಂಡಾಗಿ ಹಿಡಿದು, ಒಂದೊಂದು ತುಂಡಿಗೆ ಒಂದೊಂದು ಅಕ್ಷರ ಕಟ್ಟುವ ಕೆಲಸ ಮೆದುಳಿನಲ್ಲಿ ನಿಧಾನವಾಗಿ ಆಗುತ್ತದೆ, ಅಷ್ಟೇ. 'ತೆಂಗಿನಕಾಯಿ' ಅಂತ ಬರೆದದ್ದು ನೋಡಿದ ಕೂಡಲೇ ನಮಗೆ ಇಡೀ ಪದ ಬಾಯಿಗೆ ಬರುತ್ತದೆ. ಅವನಿಗೆ ಪ್ರತಿ ಸಲವೂ ತೆಂ, ಗಿ, ನ ಅಂತ ಹೊಸದಾಗಿ ಸುಲಿಯಬೇಕು. ಕಾಯಿ ಸಿಗುವಷ್ಟರಲ್ಲಿ ತೆಂಗು ಮರೆತಿರುತ್ತದೆ. ಹಾಗೆ ಒಂದು ಸಾಲು ದಾಟಿದವನಿಗೆ 'ಈಗ ಓದಿದ್ದರ ಅರ್ಥ ಹೇಳು' ಅಂದರೆ ಏನು ಹೇಳಬೇಕು ಪಾಪ?

ಇದೇನು ಈಚೆಗೆ ಹುಟ್ಟಿದ ಫ್ಯಾಶನ್ ಕಾಯಿಲೆ ಅಂತ ನೆಂಟರು ಹೇಳಿಯೇ ಹೇಳುತ್ತಾರೆ. 1896ರಲ್ಲೇ ಇಂಗ್ಲೆಂಡಿನ ಪ್ರಿಂಗಲ್ ಮೋರ್ಗನ್ ಎಂಬ ಡಾಕ್ಟರು 14 ವರ್ಷದ ಇಂಥ ಒಬ್ಬ ಹುಡುಗನ ಬಗ್ಗೆ ವೈದ್ಯರ ಪತ್ರಿಕೆಯಲ್ಲಿ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಚುರುಕು ಅಂತ ಆ ಹುಡುಗನ ಮೇಷ್ಟ್ರು ಹೇಳಿದ್ದರಂತೆ. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು. ವೇಷ ಕಟ್ಟದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಗಂಟೆಗಟ್ಟಲೆ ಮಾತಾಡುವಾಗ ಮಾತು ಬರೆದಿಟ್ಟ ಕಾಗದ ಎದುರಿಗೆ ಇರುವುದಿಲ್ಲ. ಅವರನ್ನು ಯಾರೂ ದಡ್ಡ ಅನ್ನುವುದಿಲ್ಲ ಅಲ್ವಾ.

ನಿಮ್ಮ ಅತ್ತೆ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಡಿಸ್ಲೆಕ್ಸಿಯಾ ಕುಟುಂಬದಲ್ಲಿ ಹರಿದು ಬರುತ್ತದೆ. ಅಪ್ಪನಿಗೋ ಚಿಕ್ಕಪ್ಪನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಆದರೆ 'ಎಂಥ ಆಗಿದೆ ಈಗ' ಅನ್ನುವುದನ್ನು ಅವರ ಮಗನ ಹತ್ತಿರವೇ ಕೇಳಬೇಕು. ಅವರು ಶಾಲೆಯಲ್ಲಿ ಏನೇನು ಪೆಟ್ಟು ತಿಂದರು ಅಂತ ಅಮ್ಮನಿಗೆ ಹೇಳಿರಲಿಕ್ಕಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಓದು ಕಲಿಯುವುದು ಒಂದು ಕೆಲಸ. ಪಾಠ ತಿಳಿಯುವುದು ಇನ್ನೊಂದು ಕೆಲಸ. ನೀವು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಲು ಹೊರಟಿದ್ದೀರಿ, ಒಂದು ಬೇಯುವಷ್ಟರಲ್ಲಿ ಇನ್ನೊಂದು ತಳ ಹಿಡಿಯುತ್ತಿದೆ. ಅವನಿಗೆ ಓದಲು ಕಷ್ಟ ಅಂತ ವಿಜ್ಞಾನ, ಸಮಾಜ ಎಲ್ಲ ನಿಂತು ಹೋಗಬಾರದು. ಇವತ್ತಿನಿಂದ ಪಾಠವನ್ನು ನೀವು ಓದಿ ಹೇಳಿ. ಇಂಗ್ಲಿಷಿನ ಸಾಲು ಓದಿ, ತುಳುವಿನಲ್ಲಿ ಕಥೆಯ ಹಾಗೆ ಹೇಳಿ, ಆಮೇಲೆ ಅವನ ಬಾಯಿಂದ ವಾಪಸ್ ಹೇಳಿಸಿ. ಮಳೆ ಹೇಗೆ ಬರುತ್ತದೆ ಅನ್ನುವ ಪಾಠವನ್ನು ಪಡುಬಿದ್ರಿಯ ಕಡಲು ತೋರಿಸಿ ಹೇಳಿದರೆ ಅವನು ನಿಮಗೇ ತಿರುಗಿಸಿ ಪಾಠ ಮಾಡಿಯಾನು. ನಿಮಗೆ ಅಡುಗೆ ಕೆಲಸ ಇದ್ದರೆ ಪಾಠವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಡಿ, ಅವನು ಕೇಳಿಕೊಳ್ಳಲಿ. ಈಗ ಫೋನೇ ಕನ್ನಡ, ಇಂಗ್ಲಿಷ್ ಎರಡನ್ನೂ ಓದಿ ಹೇಳುತ್ತದೆ. 'ಹೀಗೆ ಮಾಡಿದರೆ ಅವನು ಓದುವುದೇ ಇಲ್ಲ, ಸೋಮಾರಿ ಆಗುತ್ತಾನೆ' ಅಂತ ಯಾರಾದರೂ ಹೇಳಿದರೆ, ಕನ್ನಡಕ ಹಾಕಿದವರು ನೋಡಲು ಸೋಮಾರಿ ಆಗುತ್ತಾರಾ ಅಂತ ಕೇಳಿ.

ಇನ್ನು ಓದು ಕಲಿಸುವ ಕೆಲಸ. ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಎರಡೂವರೆ ಗಂಟೆ ಬೇಡವೇ ಬೇಡ. ಸಂಜೆ ಚಾ ಕುಡಿದ ಮೇಲೆ, ಅವನು ಇನ್ನೂ ಹುಷಾರಾಗಿರುವಾಗ. ರಾತ್ರಿ ಒಂಬತ್ತಕ್ಕೆ ಅವನ ತಲೆಗೆ ಏನೂ ಹೋಗುವುದಿಲ್ಲ, ನಿಮ್ಮ ಸಿಟ್ಟು ಬಿಟ್ಟರೆ.

ಮೊದಲ ಐದು ನಿಮಿಷ ಪುಸ್ತಕ ಬೇಡ, ಬಾಯಿ ಆಟ. 'ಬಾಳೆಹಣ್ಣು' ಅನ್ನುವುದರಲ್ಲಿ ಬಾ ತೆಗೆದರೆ ಏನು ಉಳಿಯಿತು? 'ಕಪ್ಪೆ'ಯಲ್ಲಿ ಕ ಹೋಗಿ ಚಿ ಬಂದರೆ? ಚಪ್ಪಾಳೆ ಹೊಡೆದು ಪದ ಒಡೆಯುವುದು. ಚೆಂಡೆಯ ಪೆಟ್ಟು ಗೊತ್ತಿರುವ ಹುಡುಗ ಇದರಲ್ಲಿ ನಿಮಗಿಂತ ಜೋರು ಇದ್ದಾನು. ತುಳುವಿನಲ್ಲೇ ಮಾಡಿ, ಪರವಾಗಿಲ್ಲ. ಸದ್ದು ಒಡೆಯಲು ಕಿವಿ ಕಲಿತರೆ ಸಾಕು, ಯಾವ ಭಾಷೆಯಲ್ಲಿ ಅನ್ನುವುದು ಆಮೇಲಿನ ಮಾತು. ತುಳು ಬಿಡಿ ಅಂದವರಿಗೆ ಕೈಮುಗಿದು ಕಳಿಸಿ. ಮನೆಯ ಮಾತು ಬಿಟ್ಟರೆ ಡಿಸ್ಲೆಕ್ಸಿಯಾ ಕಡಿಮೆಯಾಗುವುದಿಲ್ಲ, ಮಗು ಅಮ್ಮನ ಹತ್ತಿರ ಮಾತಾಡುವುದು ಮಾತ್ರ ಕಡಿಮೆಯಾಗುತ್ತದೆ.

ಆಮೇಲೆ ಅಕ್ಷರ. ಬಂದದ್ದೆಲ್ಲ ಒಟ್ಟಿಗೆ ಬೇಡ. ಗೊತ್ತಿರುವ ಐದಕ್ಕೆ ಹೊಸದು ಒಂದು, ಆ ಒಂದು ಗಟ್ಟಿಯಾಗುವ ತನಕ ಇನ್ನೊಂದು ಇಲ್ಲ. ಒಂದು ತಟ್ಟೆಗೆ ಹೊಯಿಗೆ (ಮರಳು) ಹಾಕಿ ಬೆರಳಿನಲ್ಲಿ ಬರೆಸಿ. ಕಾಪುವಿನಲ್ಲಿ ಹೊಯಿಗೆಗೆ ಬರವಾ, ಮನೆ ಕಟ್ಟುವವರಿಗೆ ಮಾತ್ರ ಬರ. ನಮ್ಮ ಅಜ್ಜಂದಿರು ಹಾಗೆಯೇ ಕಲಿತವರು, ಈಗಲೂ ಅಕ್ಷರಾಭ್ಯಾಸದ ದಿನ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತೇವೆ. ಹೊಯಿಗೆಯಲ್ಲಿ ಏನೋ ಶಕ್ತಿ ಇದೆ ಅಂತಲ್ಲ. ಬೆರಳು ಹೋಗುತ್ತಿರುವಾಗಲೇ ಬಾಯಲ್ಲಿ ಆ ಸದ್ದು ಹೇಳಬೇಕು, ಅದು ಮುಖ್ಯ. ಬಾಯಿ ಮುಚ್ಚಿಕೊಂಡು ಎಷ್ಟು ಸಲ ತಿದ್ದಿಸಿದರೂ ಕೈ ನೋಯುತ್ತದೆ, ಅಷ್ಟೇ.

ಕೊನೆಗೆ ಜೊತೆ ಓದು. ಅವನೇ ಆರಿಸಿದ ಪುಸ್ತಕ, ಅವನ ಕ್ಲಾಸಿಗಿಂತ ಕೆಳಗಿನದಾದರೂ ಸರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ನಾಲ್ಕು ಹಂತದಲ್ಲಿ ಉಚಿತವಾಗಿ ಇವೆ. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಿ, ಅವನ ವೇಗದಲ್ಲಿ. ಒಬ್ಬನೇ ಓದುವ ಧೈರ್ಯ ಬಂದಾಗ ಅವನು ಮೇಜಿಗೆ ತಟ್ಟಲಿ, ನೀವು ನಿಲ್ಲಿಸಿ. ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ, ಬರಲಿಲ್ಲ ಅಂದರೆ ಆ ಪದ ನೀವೇ ಹೇಳಿಬಿಡಿ, ಮತ್ತೆ ಒಟ್ಟಿಗೆ ಮುಂದುವರಿಸಿ. 'ಯೋಚಿಸು, ನಿನ್ನೆ ಹೇಳಿಕೊಟ್ಟಿದ್ದೆನಲ್ಲ' ಬೇಡ. ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ ಅನ್ನುವುದೇ ಅವನ ತೊಂದರೆ. ಅದನ್ನೇ ಎತ್ತಿ ಆಡಿದರೆ ಹೇಗೆ?

ಕನ್ನಡ ಮೀಡಿಯಂ ಪ್ರಶ್ನೆ. ಕನ್ನಡದಲ್ಲಿ ಬರೆದ ಹಾಗೆ ಓದುವುದು, ಇಂಗ್ಲಿಷಿನ ಹಾಗೆ ಕಟ್ ಒಂದು ತರ, ಪುಟ್ ಇನ್ನೊಂದು ತರ ಇಲ್ಲ. ಅದೊಂದು ಸುಲಭ. ಆದರೆ ಕನ್ನಡಕ್ಕೆ ಅದರದ್ದೇ ಭಾರ ಇದೆ. ವರ್ಣಮಾಲೆ 49 ಅಂತ ಹೇಳಿಬಿಡುತ್ತೇವೆ. 34 ವ್ಯಂಜನಕ್ಕೂ ಕಾಗುಣಿತ ಹಾಕುತ್ತಾ ಹೋದರೆ ಒತ್ತಕ್ಷರ ಬಿಟ್ಟೇ ನಾನೂರು ದಾಟುತ್ತದೆ. 'ಸೂರ್ಯ' ಅನ್ನುವುದನ್ನು ನೋಡಿ. ಕಣ್ಣಿಗೆ ಮೊದಲು ಸಿಗುವುದು ಯ, ಅರ್ಕಾವತ್ತು ಅದರ ಆಚೆ. ಬಾಯಿಗೆ ಮೊದಲು ಬರಬೇಕಾದದ್ದು ರ್. 'ಸೂಯರ' ಅಂತ ಓದಿದ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ, ಕಣ್ಣು ಹೋದ ದಾರಿಯಲ್ಲೇ ಬಾಯಿಯೂ ಹೋಗಿರುತ್ತದೆ. ಹಾಗಾಗಿ ಮೀಡಿಯಂ ಬದಲಿಸಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ, ಬೇರೆ ಕಡೆ ಕಾಣಿಸುತ್ತದೆ. ಒಂದನೇ ಕ್ಲಾಸಿಗೆ ಮೊದಲು ಕೇಳಿದ್ದರೆ ಮನೆ ಹತ್ತಿರದ ಕನ್ನಡ ಶಾಲೆಗೇ ಹಾಕಿ ಅನ್ನುತ್ತಿದ್ದೆ. ನಾಲ್ಕಕ್ಕೆ ಬಂದ ಮೇಲೆ ನಾನು ನೋಡುವುದು ಶಾಲೆಯ ಮನಸ್ಸನ್ನು. ಕ್ಲಾಸ್ ಟೀಚರ್ ನಿಮ್ಮ ಮಾತು ಕೇಳುವವರಾದರೆ ಅಲ್ಲೇ ಇರಲಿ. 'ಇಂಥವರಿಗೆಲ್ಲ ನಮ್ಮಲ್ಲಿ ಆಗುವುದಿಲ್ಲ' ಅಂದರೆ ವರ್ಷ ಮುಗಿದ ಮೇಲೆ ಬೇರೆ ನೋಡಿ, ಮೀಡಿಯಂ ಯಾವುದಾದರೂ ಆಗಲಿ.

ವರದಿ ಹಿಡಿದು ಶಾಲೆಗೆ ಹೋಗಿ, ಜಗಳಕ್ಕೆ ಅಲ್ಲ. ನಾಲ್ಕೇ ಬೇಡಿಕೆ ಇಡಿ. ತಯಾರಿ ಇಲ್ಲದೆ ಕ್ಲಾಸಿನ ಎದುರು ಗಟ್ಟಿಯಾಗಿ ಓದಿಸಬೇಡಿ, ಓದಿಸಲೇಬೇಕಾದರೆ ಹಿಂದಿನ ದಿನ ಯಾವ ಪ್ಯಾರಾ ಅಂತ ಹೇಳಿ ಕಳಿಸಿ. ಬೋರ್ಡಿನಿಂದ ಇಳಿಸುವುದು ಕಡಿಮೆ ಮಾಡಿ, ಪಕ್ಕದವರ ನೋಟ್ಸಿನ ಫೋಟೊ ಸಾಕು. ವಿಜ್ಞಾನದ ಪೇಪರಿನಲ್ಲಿ ಸ್ಪೆಲ್ಲಿಂಗಿಗೆ ಮಾರ್ಕ್ಸ್ ಕಡಿಯಬೇಡಿ. ಬರೆಯದ ಉತ್ತರವನ್ನು ಒಮ್ಮೆ ಬಾಯಲ್ಲಿ ಕೇಳಿ ನೋಡಿ. ಕೊನೆಯದನ್ನು ಒಬ್ಬ ಟೀಚರ್ ಒಂದು ಸಲ ಮಾಡಿದರೂ ಸಾಕು, ಡೈರಿಯ ಭಾಷೆ ಬದಲಾಗುತ್ತದೆ.

ಮತ್ತೆ, ಅವನನ್ನು ಆಟಕ್ಕೆ ಕಳಿಸುವುದು ನಿಲ್ಲಿಸಬೇಡಿ. ಮಾರ್ಕ್ಸ್ ಬಂದರೆ ಮಾತ್ರ ಚೆಂಡೆ ಕ್ಲಾಸು ಅನ್ನುವ ಶರತ್ತೂ ಬೇಡ. ಅವನು ಎಲ್ಲರಿಗಿಂತ ಮುಂದೆ ಇರುವ ಜಾಗ ಅದೊಂದೇ ಇರಬಹುದು.

ಪ್ರಶ್ನೆ: ನಾನು ಸೌದಿಯಲ್ಲಿ ಇರುವುದು, ಹೆಂಡತಿ ಮತ್ತು ಮಗಳು ಸುರತ್ಕಲ್‌ನಲ್ಲಿ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ವಿಡಿಯೊ ಕಾಲ್‌ನಲ್ಲಿ ಪುಸ್ತಕ ತೋರಿಸಿದಳು, ಇಂಗ್ಲಿಷಿನ 'ಬಿ'ಯನ್ನು 'ಡಿ' ಅಂತ ಬರೆದಿದ್ದಾಳೆ. ಕನ್ನಡದಲ್ಲಿ 'ಭಾರತ'ಕ್ಕೆ 'ಬಾರತ' ಅಂತ ಇದೆ. ನೆಟ್‌ನಲ್ಲಿ ಓದಿ ನಿದ್ದೆ ಬರುತ್ತಿಲ್ಲ. ಇದು ಡಿಸ್ಲೆಕ್ಸಿಯಾನಾ?

ಉತ್ತರ: ನಿದ್ದೆ ಮಾಡಿ. ಆರು ವರ್ಷದ ಮಕ್ಕಳು ಅಕ್ಷರ ತಿರುಗಿಸಿ ಬರೆಯುವುದು ತುಂಬ ಸಾಮಾನ್ಯ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಅದು ತಾನಾಗಿ ಸರಿಯಾಗುತ್ತದೆ. ಲೋಟ ಯಾವ ಕಡೆ ತಿರುಗಿಸಿಟ್ಟರೂ ಲೋಟವೇ. ಅಕ್ಷರ ಮಾತ್ರ ತಿರುಗಿಸಿದರೆ ಹೆಸರೇ ಬದಲಾಗುತ್ತದೆ ಅನ್ನುವುದು ಮಗುವಿಗೆ ಹೊಸ ಸುದ್ದಿ. 'ಬಾರತ'ದ ವಿಷಯವಂತೂ ಬಿಟ್ಟುಬಿಡಿ. ನಮ್ಮ ಕಡೆ ಮಾತಾಡುವಾಗ ಮಹಾಪ್ರಾಣ ಎಷ್ಟು ಜನ ಉಚ್ಚರಿಸುತ್ತಾರೆ ಮಾರಾಯ್ರೆ? ಕಿವಿಗೆ ಬೀಳದ್ದು ಕೈಗೆ ಹೇಗೆ ಬರಬೇಕು? ನಾನು ಟೀಚರ್ ಆದಮೇಲೆ ಮಹಾಪ್ರಾಣದ ಅಕ್ಷರಕ್ಕೆ ಹೊಟ್ಟೆ ಸೀಳಲು ಕಲಿತವಳು.

ಗಮನಿಸಬೇಕಾದದ್ದು ಬೇರೆ ಇದೆ. ಮಾತು ತಡವಾಗಿ ಬಂತಾ? ಶಿಶುಗೀತೆಯ ಪ್ರಾಸ ಹಿಡಿಯುತ್ತಾಳಾ? ವಾರಗಟ್ಟಲೆ ಹೇಳಿಕೊಟ್ಟ ಅಕ್ಷರದ ಸದ್ದು ಮತ್ತೆ ಮತ್ತೆ ಜಾರಿ ಹೋಗುತ್ತದಾ? ನಿಮ್ಮ ಕಡೆಯಲ್ಲೋ ಹೆಂಡತಿಯ ಕಡೆಯಲ್ಲೋ ಓದಲು ಕಷ್ಟಪಟ್ಟವರು ಇದ್ದಾರಾ? ಎರಡು ಮೂರಕ್ಕೆ ಹೌದು ಅಂತ ಬಂದರೆ ಮೊದಲು ಕಿವಿ, ಕಣ್ಣು ತೋರಿಸಿ, ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ಸರ್ಕಾರದ ಸರ್ಟಿಫಿಕೇಟ್ ಕೊಡುವ ಮೌಲ್ಯಮಾಪನಕ್ಕೆ ಸಾಮಾನ್ಯವಾಗಿ ಎಂಟು ವರ್ಷ ತುಂಬಬೇಕು. ಆದರೆ ಸಹಾಯ ಮಾಡಲು ಎಂಟರ ತನಕ ಕಾಯಬೇಕಾಗಿಲ್ಲ. ಮೇಲೆ ಹೇಳಿದ ಬಾಯಿ ಆಟ, ಹೊಯಿಗೆ ತಟ್ಟೆ ಯಾವ ಮಗುವಿಗೂ ಒಳ್ಳೆಯದೇ. ಬಾಯಿ ಆಟವನ್ನು ನೀವು ವಿಡಿಯೊ ಕಾಲ್‌ನಲ್ಲೇ ಆಡಿಸಬಹುದು, ಪುಸ್ತಕ ತೋರಿಸು ಅನ್ನುವುದಕ್ಕಿಂತ ಅದು ವಾಸಿ.

ಪ್ರಶ್ನೆ: ಮಂಗಳೂರು ಕದ್ರಿಯಿಂದ. ಮಗಳು ಎಂಟನೇ ಕ್ಲಾಸು. ಐದನೆಯಲ್ಲೇ ಡಿಸ್ಲೆಕ್ಸಿಯಾ ಅಂತ ಖಾಸಗಿಯಾಗಿ ರಿಪೋರ್ಟ್ ಆಗಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿ ಅಂದರೆ ಶಾಲೆಯವರು 'ಅಂಗವೈಕಲ್ಯದ ಸರ್ಟಿಫಿಕೇಟ್ ತನ್ನಿ' ಅನ್ನುತ್ತಾರೆ. ನಮ್ಮವರಿಗೆ ಆ ಶಬ್ದ ಕೇಳಿದರೇ ಆಗುವುದಿಲ್ಲ. ನಾಳೆ ಮದುವೆ ಮಾತು ಬಂದಾಗ ತೊಂದರೆ ಆಗುತ್ತದೆ ಅಂತಾರೆ. ಏನು ಮಾಡಲಿ?

ಉತ್ತರ: ಎಂಟನೇ ಕ್ಲಾಸಿನ ಹುಡುಗಿಯ ಮದುವೆಯ ಚಿಂತೆ ಈಗಲೇ ಯಾಕೆ? ಎದುರಿಗೆ ಇರುವುದು ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ಅದಲು ಬದಲು. ನಮಗೆಲ್ಲ ಹೆಮ್ಮೆಯೇ. ಆದರೆ ಆ ಹೆಮ್ಮೆಯ ಭಾರ ನಿಮ್ಮ ಮಗಳಂಥ ಮಕ್ಕಳ ತಲೆಯ ಮೇಲೂ ಬೀಳುತ್ತದೆ. ಶೇಕಡಾ ನೂರು ಫಲಿತಾಂಶದ ಬೋರ್ಡ್ ಹಾಕಬೇಕಾದ ಶಾಲೆಗಳಿಗೆ ಇಂಥ ಮಕ್ಕಳು ತಲೆನೋವಾಗಿ ಕಾಣುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇದನ್ನೆಲ್ಲ ಹೆಸರು ಹಿಡಿದೇ ಹೇಳುತ್ತದೆ. ಸಿಬಿಎಸ್‌ಇ ಆದರೆ 3 ಗಂಟೆಯ ಪೇಪರಿಗೆ 1 ಗಂಟೆ ಹೆಚ್ಚು ಸಿಗುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿ ಮಂಡಳಿಯಲ್ಲೂ ರಿಯಾಯಿತಿ ಇದೆ. ಅರ್ಜಿ ಹೋಗುವುದು ಮುಖ್ಯೋಪಾಧ್ಯಾಯರ ಮೂಲಕ, ಹಾಗಾಗಿ ಅವರನ್ನು ಬಿಟ್ಟು ಏನೂ ಆಗುವುದಿಲ್ಲ.

ಖಾಸಗಿ ರಿಪೋರ್ಟ್ ಬೇರೆ, ಸರ್ಟಿಫಿಕೇಟ್ ಬೇರೆ. ಸರ್ಟಿಫಿಕೇಟಿಗೆ ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರವೇ ಆಗಬೇಕು. ವಿಕಲಚೇತನರ ಗುರುತಿನ ಕಾರ್ಡ್ ಕೊಡುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮಂಗಳೂರಿನವರು ವೆನ್ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹಳೆಯ ರಿಪೋರ್ಟ್, ಶಾಲೆಯ ಪತ್ರ, ಮೂರು ನಾಲ್ಕು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಪರೀಕ್ಷೆಗೆ ನಿಮ್ಹಾನ್ಸ್‌ನವರು ತಯಾರಿಸಿದ ಪರೀಕ್ಷೆಗಳ ಸರಣಿ ಬಳಸುತ್ತಾರೆ, ಓದು, ಬರಹ, ಲೆಕ್ಕ ಎಲ್ಲ ನೋಡುತ್ತಾರೆ, ಒಂದೇ ದಿನದಲ್ಲಿ ಮುಗಿಯದಿರಬಹುದು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ್ದನ್ನು 14ರ ಹೊತ್ತಿಗೆ ಮತ್ತೆ ಮಾಡಿಸಬೇಕಾಗುತ್ತದೆ, ನಿಮ್ಮ ಮಗಳಿಗೆ ಹೇಗೂ ಆ ವಯಸ್ಸು ಹತ್ತಿರ ಬಂತು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ದಾರಿ ಗೊತ್ತಾಗದಿದ್ದರೆ ಅವರನ್ನು ಹುಡುಕಿ. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಓಡಾಡಿ ಕಣ್ಣೀರು ಹಾಕಿದ ಅಮ್ಮಂದಿರನ್ನು ಕಂಡೇ ಹೇಳುತ್ತಿದ್ದೇನೆ, ಈಗಲೇ ಶುರು ಮಾಡಿ.

ಕಾರ್ಡನ್ನು ಯಾರೂ ಕುತ್ತಿಗೆಗೆ ನೇತು ಹಾಕಿಕೊಂಡು ತಿರುಗುವುದಿಲ್ಲ. ಬೇಕಾದಾಗ ತೋರಿಸುವುದು, ಬೇಡವಾದರೆ ಕಪಾಟಿನಲ್ಲಿ ಇಡುವುದು. ನಿಮ್ಮ ಯಜಮಾನರಿಗೆ ಶಬ್ದ ಹಿಡಿಸದಿದ್ದರೆ 'ಹೆಚ್ಚು ಸಮಯದ ಕಾಗದ' ಅಂತ ಕರೆಯಲಿ. ಆದರೆ ಮಗಳನ್ನೂ ಒಂದು ಮಾತು ಕೇಳಿ. ಹದಿಮೂರರ ಹುಡುಗಿ, ಅವಳ ಬಗ್ಗೆಯೇ ಮನೆಯಲ್ಲಿ ಗುಸುಗುಸು ನಡೆಯುವುದು ಅವಳಿಗೆ ಗೊತ್ತಿಲ್ಲ ಅಂತ ಮಾತ್ರ ತಿಳಿಯಬೇಡಿ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಹದಿನೈದು ದಿನದ ಬ್ರೈನ್ ಕೋರ್ಸ್ ಒಂದರ ಜಾಹೀರಾತು ನೋಡಿದೆ. ಡಿಸ್ಲೆಕ್ಸಿಯಾ ಪೂರ್ತಿ ಗುಣವಾಗುತ್ತದಂತೆ. ಸೇರಿಸಬಹುದಾ?

ಉತ್ತರ: ಬೇಡ. ಕಣ್ಣು ಬಿಟ್ಟುಕೊಂಡು ಓದಲು ಕಷ್ಟಪಡುವ ಮಗುವಿಗೆ ಬಟ್ಟೆ ಕಟ್ಟಿ ಏನು ಮಾಡುತ್ತಾರೆ? ಡಿಸ್ಲೆಕ್ಸಿಯಾ ಗುಣಪಡಿಸುವ ಔಷಧಿಯೂ ಇಲ್ಲ, ಕೋರ್ಸೂ ಇಲ್ಲ, ಬಣ್ಣದ ಕನ್ನಡಕವೂ ಇಲ್ಲ. ಕ್ರಮವಾಗಿ, ನಿಧಾನವಾಗಿ ಕಲಿಸಿದರೆ ಓದು ಸುಧಾರಿಸುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಆ ದುಡ್ಡನ್ನು ವಿಶೇಷ ಶಿಕ್ಷಣ ಓದಿದ ಟೀಚರ್ ಒಬ್ಬರಿಗೆ ಕೊಡಿ.

ಪ್ರಶ್ನೆ: (ಇದು ಪತ್ರ ಅಲ್ಲ. ಮಲ್ಪೆಯಿಂದ ಬಂದ ವಾಯ್ಸ್ ಮೆಸೇಜ್, ಕಚೇರಿಯವರು ಬರೆದುಕೊಂಡರು.) ನಾನು ಮೀನಿನ ಬೋಟು ನಡೆಸುವ ತಾಂಡೇಲ. ಆರನೇ ಕ್ಲಾಸಿಗೆ ಬಿಟ್ಟವನು. ಮಗನಿಗೆ ಹನ್ನೊಂದು ವರ್ಷ, ಮೊನ್ನೆ ಮಣಿಪಾಲದಲ್ಲಿ ಅವನಿಗೆ ಡಿಸ್ಲೆಕ್ಸಿಯಾ ಅಂತ ಹೇಳಿದರು. ಆ ಡಾಕ್ಟರಮ್ಮ ಲಕ್ಷಣ ಹೇಳುತ್ತಾ ಹೋದಾಗ ನನಗೆ ಬೆವರು ಬಂತು. ಅದೆಲ್ಲ ನಾನೇ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಫಾರಂ ಕೊಟ್ಟರೆ ಕನ್ನಡಕ ತಂದಿಲ್ಲ ಅಂತ ಹೇಳಿ ಬೇರೆಯವರ ಹತ್ತಿರ ತುಂಬಿಸುತ್ತೇನೆ. ನನಗೆ ಕನ್ನಡಕವೇ ಇಲ್ಲ. ಶಾಲೆಯ ಮೀಟಿಂಗಿಗೆ ಕಡಲಲ್ಲಿದ್ದೇನೆ ಅಂತ ಸುಳ್ಳು ಹೇಳಿ ತಪ್ಪಿಸುತ್ತೇನೆ. ಮಗನಿಗೆ ನನ್ನ ವಿಷಯ ಹೇಳಲಾ? ಅಪ್ಪನೇ ಹೀಗೆ ಅಂದರೆ ಅವನಿಗೆ ನನ್ನ ಮೇಲೆ ಮರ್ಯಾದೆ ಹೋಗುತ್ತದಾ?

ಉತ್ತರ: ನಿಮ್ಮ ಮೆಸೇಜನ್ನು ನಾನು ಮೂರು ಸಲ ಕೇಳಿದೆ. ಮೆಸೇಜ್ ಕೇಳಿ ನಿಮಗೂ ಡಿಸ್ಲೆಕ್ಸಿಯಾ ಇದೆ ಅಂತ ನಾನು ಹೇಳಲು ಬರುವುದಿಲ್ಲ. ಆದರೆ ಮಗನಿಗೆ ಇದೆ, ನೀವೂ ಹೀಗೆ ಹೇಳುತ್ತಿದ್ದೀರಿ ಅಂದರೆ ಇರುವ ಸಾಧ್ಯತೆ ಜಾಸ್ತಿಯೇ. ದೊಡ್ಡವರಿಗೂ ಪರೀಕ್ಷೆ ಮಾಡುತ್ತಾರೆ. ಮಗನನ್ನು ತೋರಿಸಿದ ಕಡೆಯೇ ನಿಮ್ಮದನ್ನೂ ಕೇಳಿ, ನಾಚಿಕೆ ಬೇಡ.

ಮಗನಿಗೆ ಹೇಳಿ. ಒಂದೇ ದಿನ ಎಲ್ಲ ಹೇಳಬೇಕಾಗಿಲ್ಲ, ಕನ್ನಡಕದ ಕಥೆಯಿಂದ ಶುರು ಮಾಡಿ, ಅವನು ನಗುತ್ತಾನೆ. ಹನ್ನೊಂದು ವರ್ಷದ ಹುಡುಗನಿಗೆ ಡಾಕ್ಟರು, ಟೀಚರು ಹೇಳಿದ್ದು ಅರ್ಧ ಅರ್ಥವಾಗಿರುತ್ತದೆ. ಒಳಗೆ ಮಾತ್ರ 'ನಾನೊಬ್ಬನೇ ಹೀಗೆ' ಅಂತ ಕೊರೆಯುತ್ತಿರುತ್ತದೆ. ಅದನ್ನು ತೆಗೆಯಲು ನಿಮ್ಮಿಂದ ಆಗುವಷ್ಟು ನನ್ನಂಥವರಿಂದ ಆಗುವುದಿಲ್ಲ. ಗಾಳಿ ನೋಡಿ, ನೀರಿನ ಬಣ್ಣ ನೋಡಿ ಬಲೆ ಎಲ್ಲಿ ಇಳಿಸಬೇಕು ಅಂತ ಹೇಳುವವರು ನೀವು, ಬೋಟಿನಲ್ಲಿರುವ ಅಷ್ಟೂ ಜನ ನಿಮ್ಮ ಮಾತು ನಂಬಿ ಕಡಲಿಗೆ ಇಳಿಯುತ್ತಾರೆ. ಮರ್ಯಾದೆ ಹೋಗುವ ಪ್ರಶ್ನೆ ಎಲ್ಲಿಂದ ಬಂತು? ಒಂದು ಮಾತು ಮಾತ್ರ ಹೇಳಬೇಡಿ. 'ನಾನು ಓದದೆ ಬದುಕಲಿಲ್ವಾ, ನೀನೂ ಬೋಟಿಗೆ ಬಾ' ಅಂತ. ಅವನು ಬೋಟಿಗೆ ಬರಬಹುದು, ಬರಲಿ, ಆದರೆ ಫಾರಂ ತಾನೇ ತುಂಬಲು ಕಲಿತು ಬರಲಿ.

ಶಾಲೆಯ ಮೀಟಿಂಗಿಗೂ ಹೋಗಿ. ಟೀಚರಿಗೆ 'ನನಗೂ ಓದಲು ಕಷ್ಟ, ಬರೆದು ಕಳಿಸುವ ಬದಲು ಫೋನ್ ಮಾಡಿ ಹೇಳಿ' ಅಂತ ನೇರವಾಗಿ ಹೇಳಿ. ಒಳ್ಳೆಯ ಟೀಚರಾದರೆ ಅವತ್ತಿನಿಂದ ನಿಮ್ಮ ಮಗನನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಇರುವುದರಿಂದ ಜುಲೈ 31ರ ತನಕ ಹೇಗೂ ಬೋಟು ದಡದಲ್ಲಿ. ಈ ರಜೆ ಮುಗಿಯುವ ಮೊದಲು ಅವನ ಕನ್ನಡ ಪುಸ್ತಕ, ಅವನದು ಕಷ್ಟವಾದರೆ ಮೂರನೇ ಕ್ಲಾಸಿನದ್ದು ತೆಗೆದುಕೊಂಡು ಇಬ್ಬರೂ ಜೊತೆಯಾಗಿ ಓದಿ. ಕಾಪುವಿನ ಅಮ್ಮನಿಗೆ ಮೇಲೆ ಹೇಳಿದ ಕ್ರಮವೇ. ಇಬ್ಬರಲ್ಲಿ ಯಾರು ತಡವರಿಸಿದರೂ ಇನ್ನೊಬ್ಬರು ಐದು ಎಣಿಸುವಷ್ಟು ಕಾಯಬೇಕು. ಇಬ್ಬರಿಗೂ ಬರಲಿಲ್ಲ ಅಂದರೆ ಮನೆಯವರನ್ನು ಕೇಳಿ. ಅವನು ನಿಮಗಿಂತ ಮುಂದೆ ಹೋದ ದಿನ ನನಗೆ ತಿಳಿಸಿ. ಪತ್ರ ಬೇಡ, ವಾಯ್ಸ್ ಮೆಸೇಜೇ ಕಳಿಸಿ.